ರೈಫಲ್ ಕೇಸುಗಳನ್ನು ಒಂದೇ ಅಳತೆಗೆ ತರುವುದು ಹೇಗೆ?

ರೀಲೋಡ್ ಮಾಡುವುದು ಅಂದರೆ ಹಾರಿಸಿದ ತೋಟಾದ ಹಿತ್ತಾಳೆ ಕವಚವನ್ನು (ಕೇಸು) ಮತ್ತೆ ತುಂಬಿ ಬಳಸುವುದು. ಅದಕ್ಕೆ ಮೊದಲು, ಹಾರಿಸಿದಾಗ ಹಿಗ್ಗಿದ ಕೇಸನ್ನು ಪ್ರೆಸ್‌ನಲ್ಲಿ ಡೈ ಎಂಬ ಅಚ್ಚಿನೊಳಗೆ ಒತ್ತಿ ಅಳತೆಗೆ ತರಬೇಕು. ಶೆಲ್ ಹೋಲ್ಡರಿಗೆ (ಕೇಸಿನ ತಳ ಹಿಡಿಯುವ ಬಿಲ್ಲೆ) ತಾಗುವವರೆಗೆ ಡೈ ಇಳಿಸಿ, ಆಮೇಲೆ ಇನ್ನೂ ಸ್ವಲ್ಪ ಬಿಗಿ ಮಾಡಿ. ಡೈ ಜೊತೆ ಬರುವ ಚೀಟಿಯಲ್ಲಿ ಸಾಮಾನ್ಯವಾಗಿ ಹೀಗೇ ಬರೆದಿರುತ್ತದೆ. ಹಾಗೆ ಮಾಡಿದ ಕೇಸು ಹೆಚ್ಚುಕಮ್ಮಿ ಯಾವ ರೈಫಲ್‌ಗಾದರೂ ಹೋಗುತ್ತದೆ, ನಿಜ. ಆದರೆ ನಿಮ್ಮ ರೈಫಲ್‌ನಲ್ಲಿ ಅದು ಬೇಕಿದ್ದಕ್ಕಿಂತ ಸಡಿಲ ಕೂರಬಹುದು. ಹಾಗಾಗಿ ಚೀಟಿ ಪಕ್ಕಕ್ಕಿಟ್ಟು ಕ್ಯಾಲಿಪರ್ ತೆಗೆದುಕೊಳ್ಳಿ.

ಅದಕ್ಕೂ ಮೊದಲು ಕಾನೂನಿನ ಮಾತು. ನಾನಿರುವ ಅರಿಜೋನಾದಲ್ಲಿ ಸ್ವಂತ ಬಳಕೆಗೆ ತೋಟಾ ರೀಲೋಡ್ ಮಾಡಲು ಲೈಸೆನ್ಸ್ ಬೇಕಿಲ್ಲ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು ಅಪರಾಧ, ಊರಲ್ಲಿ ಪ್ರಯತ್ನ ಬೇಡ. ಇಲ್ಲಿ ಎಚ್‌1ಬಿ ವೀಸಾದಲ್ಲಿರುವವರಿಗೂ ಬಂದೂಕು, ತೋಟಾ ಇಟ್ಟುಕೊಳ್ಳಲು ಕಟ್ಟುನಿಟ್ಟಾದ ನಿರ್ಬಂಧ ಇದೆ. ಮೊದಲು ವಕೀಲರನ್ನು ಕೇಳಿ.

ಲೆಕ್ಕವೆಲ್ಲ ಥೌನಲ್ಲಿ, ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ. ಪೀಣ್ಯದ ಟೂಲ್‌ರೂಮಿನಲ್ಲಿ ನಾವು ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡುತ್ತಿದ್ದೆವು. 1 ಥೌ ಅಂದರೆ ಸುಮಾರು 25 ಮೈಕ್ರಾನ್. ನನ್ನದು .308 ವಿಂಚೆಸ್ಟರ್ ಬೋಲ್ಟ್ ರೈಫಲ್ (ಪ್ರತಿ ತೋಟಾಕ್ಕೂ ಕೈಯಿಂದ ಬೋಲ್ಟ್ ಎಳೆಯುವಂಥದ್ದು), ಉದಾಹರಣೆಗಳೆಲ್ಲ ಅದರದ್ದೇ.

ಒಂದೇ ಕಂಪನಿಯ, ಸಮ ಲೆಕ್ಕದಷ್ಟು ಸಲ ಹಾರಿಸಿದ ಕೇಸುಗಳನ್ನು ಬೇರೆ ಡಬ್ಬಿಗೆ ಹಾಕಿ. ಹಿತ್ತಾಳೆ ಪ್ರತಿ ಸಲ ಹಾರಿಸಿದಾಗ ಗಡುಸಾಗುತ್ತದೆ. ಗಡುಸಾದ ಕೇಸು ಡೈಯಿಂದ ಹೊರಬಂದ ಮೇಲೆ ಜಾಸ್ತಿ ಹಿಂದಕ್ಕೆ ಪುಟಿಯುತ್ತದೆ. ಎಲ್ಲವನ್ನೂ ಬೆರೆಸಿದರೆ ಎಷ್ಟು ದುಬಾರಿ ಡೈ ತಂದರೂ ಅಳತೆ ಒಂದೇ ಸಮ ಬರಲ್ಲ.

ಅಳೆಯುವ ಮೊದಲು ಹಳೇ ಪ್ರೈಮರ್ (ಕೇಸಿನ ತಳದಲ್ಲಿರುವ, ಮದ್ದಿಗೆ ಕಿಡಿ ಕೊಡುವ ಚಿಕ್ಕ ಬಟ್ಟಲು) ತೆಗೆಯಿರಿ. ಉಬ್ಬಿದ ಪ್ರೈಮರ್ ಇದ್ದರೆ ಅಳತೆ ಸುಳ್ಳು ಹೇಳುತ್ತದೆ. ಕ್ಯಾಲಿಪರಿಗೆ ಕಂಪ್ಯಾರೇಟರ್ ಎಂಬ ತೂತಿನ ತುಂಡು ಸಿಕ್ಕಿಸಿ (.308ಕ್ಕೆ 0.400 ಇಂಚಿನ ತೂತಿನದು), ಕೇಸಿನ ತಳದಿಂದ ಭುಜದವರೆಗೆ (ಮೈ ಸಣ್ಣಗಾಗಿ ಕತ್ತಿಗೆ ಸೇರುವ ಇಳಿಜಾರು) ಅಳೆಯಿರಿ. ನನ್ನದರಲ್ಲಿ 1.632 ಇಂಚು ಬಂದದ್ದು ನಿಮ್ಮದರಲ್ಲಿ 1.628 ಬರಬಹುದು. ಪರವಾಗಿಲ್ಲ, ನಮಗೆ ಬೇಕಿರುವುದು ಮೊದಲಿಗೂ ಆಮೇಲಕ್ಕೂ ಇರುವ ವ್ಯತ್ಯಾಸ ಅಷ್ಟೇ. ಒಂದೇ ಸಲ ಹಾರಿಸಿದ ಕೇಸು ಚೇಂಬರಿನಷ್ಟು (ಬಂದೂಕಿನಲ್ಲಿ ತೋಟಾ ಕೂರುವ ಜಾಗ) ಪೂರ್ತಿ ಬೆಳೆದಿರಲಿಕ್ಕಿಲ್ಲ. ಅದಕ್ಕೇ ಹತ್ತು ಕೇಸು ಅಳೆದು ಅತಿ ಉದ್ದದ ಅಳತೆಯನ್ನು ಬರೆದಿಡಿ. ಬೋಲ್ಟ್ ರೈಫಲ್‌ಗೆ ಭುಜ ಅಲ್ಲಿಂದ 2 ಥೌ ಹಿಂದೆ ಸರಿದರೆ ಸಾಕು. ಸೆಮಿ ಆಟೋಗೆ (ಮುಂದಿನ ತೋಟಾವನ್ನು ತಾನೇ ಏರಿಸಿಕೊಳ್ಳುವ ಬಂದೂಕು) 3-4 ಥೌ.

ಈಗ ಡೈ. ಶೆಲ್ ಹೋಲ್ಡರಿಗೆ ತಾಗದಂತೆ ಮೇಲೆ ನಿಲ್ಲಿಸಿ ಶುರು ಮಾಡಿ. ಮೊದಲ ಕೇಸನ್ನು ಒತ್ತಿ ಅಳೆದರೆ ಅಳತೆ ಇಳಿಯುವ ಬದಲು ಏರಿರಬಹುದು! ಗಾಬರಿ ಬೇಡ. ಡೈ ಮೊದಲು ಕೇಸಿನ ಮೈಯನ್ನು ಒತ್ತುತ್ತದೆ, ಭುಜಕ್ಕೆ ಇನ್ನೂ ತಾಗಿರುವುದಿಲ್ಲ. ಚಪಾತಿ ಉಂಡೆಯನ್ನು ಪಕ್ಕದಿಂದ ಹಿಸುಕಿದರೆ ಮೇಲಕ್ಕೆ ಉಬ್ಬುತ್ತದಲ್ವಾ, ಹಾಗೆ ಭುಜ ಮುಂದಕ್ಕೆ ಹೋಗುತ್ತದೆ. ಇನ್ನೂ ಇಳಿಸುತ್ತಾ ಹೋದರೆ ಒಂದು ಹಂತದಲ್ಲಿ ಅಳತೆ ತಿರುಗಿ ಕಮ್ಮಿಯಾಗತೊಡಗುತ್ತದೆ. ಅಲ್ಲಿಂದ ಮುಂದೆ ಕೈ ಹಗುರ ಇರಲಿ. ಡೈಯ ಥ್ರೆಡ್ ಇಂಚಿಗೆ 14. ಅಂದರೆ ಪೂರ್ತಿ ಒಂದು ಸುತ್ತಿಗೆ 71 ಥೌ. 2 ಥೌ ಬೇಕೆಂದರೆ ತಿರುಗಿಸಬೇಕಾದದ್ದು ಬರೀ 10 ಡಿಗ್ರಿ. ಡೈ ಮೇಲೂ ಪ್ರೆಸ್ ಮೇಲೂ ಮಾರ್ಕರಿನಿಂದ ಒಂದು ಗೆರೆ ಎಳೆಯಿರಿ, ಆಗ ಎಷ್ಟು ತಿರುಗಿತು ಅಂತ ಕಣ್ಣಿಗೇ ಕಾಣುತ್ತದೆ. ಪ್ರತಿ ಹೊಂದಿಕೆಗೂ ಹಾರಿಸಿದ, ಇನ್ನೂ ಒತ್ತದ ಬೇರೆ ಕೇಸು ತೆಗೆದುಕೊಳ್ಳಿ. ಆಗಲೇ ಒತ್ತಿದ್ದನ್ನೇ ಮತ್ತೆ ಒತ್ತಿದರೆ ಲೆಕ್ಕ ತಪ್ಪುತ್ತದೆ.

ಅಳತೆ ಏರುಪೇರಾದಾಗ ಎಲ್ಲರೂ ಡೈಯನ್ನೇ ಬೈಯುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ಎಣ್ಣೆ. ಒಂದಕ್ಕೆ ಜಾಸ್ತಿ, ಇನ್ನೊಂದಕ್ಕೆ ಕಮ್ಮಿ ಹಚ್ಚಿದರೆ ಎರಡೂ ಬೇರೆ ಬೇರೆ ಅಳತೆಗೆ ಬರುತ್ತವೆ. ನಾನು ಲ್ಯಾನೋಲಿನ್ ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸುತ್ತೇನೆ. ಕೇಸುಗಳನ್ನು ಜಿಪ್ ಚೀಲಕ್ಕೆ ಹಾಕಿ, ಎರಡು ಸಲ ಚಿಮುಕಿಸಿ, ಚೆನ್ನಾಗಿ ಉರುಳಾಡಿಸಿ, ಆಲ್ಕೋಹಾಲ್ ಆರುವವರೆಗೆ ಟ್ರೇನಲ್ಲಿ ಹರಡಿಡುತ್ತೇನೆ. ಕೈಯಲ್ಲಿ ಹಿಡಿದರೆ ಸ್ವಲ್ಪ ಜಿಡ್ಡು ತಾಗಬೇಕು, ಒದ್ದೆ ಕಾಣಬಾರದು. ಎಣ್ಣೆ ಜಾಸ್ತಿಯಾದರೆ ಭುಜದಲ್ಲಿ ಗುಳಿ ಬೀಳುತ್ತದೆ. ಕತ್ತಿನ ಒಳಗೂ ಚೂರು ಹೋಗಲಿ. ಒಳಗೆ ಒಣಗಿದ್ದರೆ ಎಕ್ಸ್‌ಪ್ಯಾಂಡರ್ (ಕತ್ತನ್ನು ಒಳಗಿನಿಂದ ಹಿಗ್ಗಿಸುವ ಡೈಯ ಉಂಡೆ) ಹೊರಬರುವಾಗ ಕಿರ್ ಎಂದು ಕತ್ತನ್ನು ಎಳೆಯುತ್ತದೆ, ಭುಜವೂ ಅದರ ಜೊತೆ ಮೇಲೆ ಬರುತ್ತದೆ.

ಇನ್ನು ಹಿಡಿ ಎಳೆಯುವ ಕೈ. ಪ್ರತಿ ಸಲ ಒಂದೇ ವೇಗದಲ್ಲಿ ಕೆಳಗೆ ತನ್ನಿ, ಕೊನೆಯಲ್ಲಿ ಮೂರು ನಾಲ್ಕು ಸೆಕೆಂಡ್ ಹಿಡಿದು ನಿಲ್ಲಿಸಿ. ಹಿತ್ತಾಳೆಗೆ ಆ ಆಕಾರಕ್ಕೆ ಕೂರಲು ಅಷ್ಟು ಹೊತ್ತು ಕೊಡಿ. ದುಬಾರಿ ಡೈಗಿಂತ ಈ ಬಿಟ್ಟಿ ಅಭ್ಯಾಸದಿಂದಲೇ ಜಾಸ್ತಿ ಲಾಭ.

ಇಷ್ಟಾದರೂ ಅಳತೆ 1 ಥೌಗಿಂತ ಜಾಸ್ತಿ ಹರಡಿದರೆ ಹಿತ್ತಾಳೆ ಗಡುಸಾಗಿರಬಹುದು. ಹಾಗಿದ್ದರೆ ಕತ್ತು, ಭುಜಗಳನ್ನಷ್ಟೇ ಕಾಯಿಸಿ ಮೆತ್ತಗೆ ಮಾಡಬೇಕು. ತಳದ ಕಡೆಗೆ ಬಿಸಿ ಹೋಗಲೇಬಾರದು. ತಳ ಮೆತ್ತಗಾದ ಕೇಸು ಅಪಾಯ.

ಒತ್ತಿದ ಮೇಲೆ ಕೇಸು ಉದ್ದವಾಗಿರುತ್ತದೆ, ಆದ್ದರಿಂದ ಉದ್ದ ಕತ್ತರಿಸುವುದು ಯಾವಾಗಲೂ ಸೈಜಿಂಗ್ ಆದ ಮೇಲೆ. .308ಕ್ಕೆ ಮಿತಿ 2.015 ಇಂಚು, ಕತ್ತರಿಸುವುದು 2.005ಕ್ಕೆ. ಆಗ ತಳದಿಂದ ಸ್ವಲ್ಪ ಮೇಲೆ ಹೊಳೆಯುವ ಉಂಗುರ ಇದೆಯಾ ನೋಡಿ. ಪೇಪರ್ ಕ್ಲಿಪ್ಪಿನ ತುದಿ ಬಗ್ಗಿಸಿ ಒಳಗೆ ಕೆರೆಯಿರಿ. ಅಲ್ಲಿ ಗುಂಡಿ ಸಿಕ್ಕಿದರೆ ಗೋಡೆ ತೆಳುವಾಗಿದೆ, ಮುಂದಿನ ಸಲ ಒಡೆಯಬಹುದು. ಇಕ್ಕಳದಿಂದ ಬಾಯಿ ಜಜ್ಜಿ ಗುಜರಿ ಡಬ್ಬಿಗೆ ಹಾಕಿ.