ಗೊತ್ತಿರುವ ಕೆಲಸವನ್ನು ಮಾಡಿ ಮುಗಿಸಲು ಬೇಕಾದ ನೆರವು

ದಿನನಿತ್ಯದ ಕೆಲಸಗಳಲ್ಲಿ ತೊಡಕಿರುವವರಿಗೆ ನೆರವಾಗುವ ಆಕ್ಯುಪೇಷನಲ್ ಥೆರಪಿಸ್ಟ್ ನಾನು. ಎಡಿಎಚ್‌ಡಿ (ಗಮನ ನಿಲ್ಲಿಸಲು, ಚಡಪಡಿಕೆಯನ್ನು ಹತೋಟಿಯಲ್ಲಿಡಲು ಕಷ್ಟವಾಗುವ ಸ್ಥಿತಿ) ಇರುವ ಮಕ್ಕಳನ್ನು ನನ್ನ ಬಳಿಗೆ ಕರೆತರುವ ಪೋಷಕರು ಬಹುತೇಕ ಒಂದೇ ಮಾತು ಹೇಳುತ್ತಾರೆ: ‘ಎಲ್ಲ ಗೊತ್ತು, ಆದರೆ ಮಾಡುವುದಿಲ್ಲ.’ ಈ ಮಾತು ನಿಜ. ಬೆಳಿಗ್ಗೆ ಎದ್ದು ಹೊರಡುವವರೆಗಿನ ಕೆಲಸಗಳನ್ನು ಕೇಳಿದರೆ ಮಗು ತಪ್ಪಿಲ್ಲದೆ ಒಪ್ಪಿಸುತ್ತದೆ. ಮಾಡುವ ಹೊತ್ತಿಗೆ ಮಾತ್ರ ಮುಂದಿನ ಹೆಜ್ಜೆ ನೆನಪಿನಿಂದ ಜಾರಿರುತ್ತದೆ. ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ಇದನ್ನು ತಿಳಿವಳಿಕೆಯ ಕೊರತೆಯೆನ್ನದೆ, ತಿಳಿದದ್ದನ್ನು ಸಮಯಕ್ಕೆ ಕಾರ್ಯರೂಪಕ್ಕೆ ತರುವಲ್ಲಿನ ತೊಡಕು ಎಂದು ವಿವರಿಸಿದ್ದಾರೆ. ಹಾಗಾಗಿ ಬುದ್ಧಿಮಾತನ್ನು ಬದಿಗಿಟ್ಟು, ಕೆಲಸ ನಡೆಯುವ ಜಾಗದಲ್ಲೇ ನೆರವನ್ನು ಇರಿಸುವುದು ನನ್ನ ಪದ್ಧತಿ.

ಶಾಲೆಯ ಚೀಲ ಜೋಡಿಸಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತಿದ್ದ ಒಬ್ಬ ಹುಡುಗನನ್ನು ಅವನ ಮನೆಯಲ್ಲೇ ಗಮನಿಸಿದೆ. ಪುಸ್ತಕಗಳು ಒಂದು ಕೋಣೆಯಲ್ಲಿ, ಪೆನ್ಸಿಲ್ ಡಬ್ಬಿ ಇನ್ನೊಂದರಲ್ಲಿ ಇದ್ದುದರಿಂದ, ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಕಣ್ಣಿಗೆ ಬಿದ್ದ ಆಟಿಕೆಯೊಂದು ಅವನನ್ನು ಹಿಡಿದು ನಿಲ್ಲಿಸುತ್ತಿತ್ತು. ಎಲ್ಲವನ್ನೂ ಒಂದೇ ಮೇಜಿಗೆ ತಂದು, ಪೂರ್ತಿ ಜೋಡಿಸಿದ ಚೀಲದ ಫೋಟೊವನ್ನು ಅವನಿಂದಲೇ ತೆಗೆಸಿ ಅಲ್ಲಿ ಅಂಟಿಸಿದೆವು. ಮೊದಮೊದಲು ತಾಯಿ ಎಲ್ಲವನ್ನೂ ತುಂಬಿಸಿ, ಜಿಪ್ ಎಳೆದು ಬಾಗಿಲ ಬಳಿ ಇಡುವುದನ್ನಷ್ಟೇ ಅವನಿಗೆ ಬಿಟ್ಟರು. ಅದು ರೂಢಿಯಾದ ಮೇಲೆ ಡಬ್ಬಿ ಇಡುವುದು, ಆಮೇಲೆ ಪುಸ್ತಕ, ಹೀಗೆ ಕೊನೆಯಿಂದ ಹಿಂದಕ್ಕೆ ಬಂದೆವು. ಮುಗಿಸಿದ ಸಮಾಧಾನ ಪ್ರತಿದಿನವೂ ಅವನ ಪಾಲಿಗೇ ಬರುವುದು ಈ ಕ್ರಮದ ಲಾಭ.

ದೂರದಿಂದ ಕೂಗಿ ಹೇಳಿದ್ದು ಸಾಮಾನ್ಯವಾಗಿ ವ್ಯರ್ಥ. ಹತ್ತಿರ ಹೋಗಿ, ಒಂದೇ ಕೆಲಸವನ್ನು ಚಿಕ್ಕ ವಾಕ್ಯದಲ್ಲಿ ಹೇಳಿ, ಮತ್ತೆ ಬಾಯಿ ತೆರೆಯದೆ ಕಾಯಬೇಕು. ಪೋಷಕರಿಗೆ ಅತಿ ಕಷ್ಟವೆನಿಸುವುದು ಈ ಕಾಯುವಿಕೆಯೇ. ಉಳಿದ ಸಮಯ ಕಣ್ಣಿಗೆ ಕಾಣುವಂಥ ಟೈಮರ್ ಹಲವರಿಗೆ ಒಗ್ಗುತ್ತದೆ, ಆದರೆ ಅದನ್ನು ನೋಡಿ ಗಾಬರಿಯಾಗುವ ಮಗುವಿಗೆ ಒತ್ತಾಯಿಸುವುದಿಲ್ಲ. ವಾರದ ಕೊನೆಗೆ ಕೊಡುವ ದೊಡ್ಡ ಬಹುಮಾನಕ್ಕಿಂತ ಆಗಲೇ ಸಿಗುವ ಪುಟ್ಟ ಮೆಚ್ಚುಗೆ ಹೆಚ್ಚು ಕೆಲಸ ಮಾಡುತ್ತದೆ. ಮಾಡಿದ ಕೆಲಸಕ್ಕೊಂದು ನಕ್ಷತ್ರ ಅಂಟಿಸುವ ಬಣ್ಣಬಣ್ಣದ ಪಟ್ಟಿಗಳು, ನನ್ನ ಅನಿಸಿಕೆಯಲ್ಲಿ, ಮಕ್ಕಳಿಗಿಂತ ಹಿರಿಯರನ್ನೇ ಹೆಚ್ಚು ಖುಷಿಪಡಿಸುತ್ತವೆ.

ಔಷಧ ತೆಗೆದುಕೊಳ್ಳುವ ಮಕ್ಕಳ ವಿಷಯದಲ್ಲಿ ಹೊತ್ತನ್ನೂ ನೋಡಬೇಕು. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಎಂಬ ಔಷಧದ ಅಲ್ಪಾವಧಿಯ ಮಾತ್ರೆಯ ಪರಿಣಾಮ ಸುಮಾರು 4 ಗಂಟೆ ಇರುವುದರಿಂದ, ಬೆಳಗಿನ ಮಾತ್ರೆಯ ಬಲ ಸಂಜೆಗೆ ಉಳಿದಿರುವುದಿಲ್ಲ. ಡೋಸ್ ಬದಲಾವಣೆ ವೈದ್ಯರಿಗೆ ಬಿಟ್ಟದ್ದು. ನಾನು ಸಂಜೆಯ ಪಟ್ಟಿಯನ್ನು ಚಿಕ್ಕದು ಮಾಡಿ, ಹಿರಿಯರೊಬ್ಬರು ಪಕ್ಕದಲ್ಲೇ ಕುಳಿತು ತಮ್ಮ ಕೆಲಸ ಮಾಡಿಕೊಳ್ಳುವಂತೆ ಹೇಳುತ್ತೇನೆ.

ಎರಡು ವಾರ ಎಲ್ಲವೂ ಸುಗಮವಾಗಿ ನಡೆಯಿತೆಂದು ಫೋಟೊವನ್ನು ತೆಗೆದುಬಿಡಲು ಪೋಷಕರು ಆತುರಪಡುತ್ತಾರೆ. ಅದನ್ನು ಅಲ್ಲೇ ಬಿಡಿ ಎನ್ನುತ್ತೇನೆ. ಅಗತ್ಯವಿಲ್ಲದ ದಿನ ಮಗು ಅದನ್ನು ನೋಡದೆಯೇ ಚೀಲ ಜೋಡಿಸುತ್ತದೆ.