ಬೋರ್ಡ್ ಬರುವ ಮೊದಲೇ ‘ಬೆಟ್ಟೆ’ ಓದಿದೆವು

ತೀರ್ಥಹಳ್ಳಿಯ ಅಡಿಕೆ ಮಂಡಿಯೊಂದಕ್ಕೆ ರಾಶಿ, ಬೆಟ್ಟೆ ಹೀಗೆ ಅಡಿಕೆಯ ಒಂದೊಂದು ಬಗೆಯ ದರ ತೋರಿಸುವ ಎಲ್‌ಇಡಿ ಬೋರ್ಡ್ ಬೇಕಿತ್ತು. ಎಂಟು ಪಿ10 ಪ್ಯಾನಲ್ (ಚುಕ್ಕೆಯಿಂದ ಚುಕ್ಕೆಗೆ 10 ಮಿ.ಮೀ. ಅಂತರ ಇರುವಂಥವು), ಸಾಲಿಗೆ ನಾಲ್ಕರಂತೆ ಎರಡು ಸಾಲು. ಅಂದರೆ ಅಗಲಕ್ಕೆ 128, ಎತ್ತರಕ್ಕೆ 32 ಚುಕ್ಕೆ. ಸಾಫ್ಟ್‌ವೇರ್ ನನ್ನ ಪಾಲಿಗೆ ಬಂದಿತ್ತು. ಪ್ಯಾನಲ್ ಬರುವುದು ತಡವಾಯಿತು. ಸುಮ್ನೆ ಕಾಯುವ ಬದಲು ಶಿವಮೊಗ್ಗದ ಮನೆಯಲ್ಲೇ ಕೂತು ಲ್ಯಾಪ್‌ಟಾಪ್ ಪರದೆಯ ಮೇಲೊಂದು ಬೋರ್ಡ್ ಮಾಡಿಕೊಂಡೆ.

ನನ್ನ ಪ್ರೋಗ್ರಾಂ ಚುಕ್ಕೆಗಳ ಬಣ್ಣವನ್ನು ಆರ್ಟ್‌ನೆಟ್ ಮೂಲಕ, ಅಂದರೆ ದೀಪಗಳ ಮಾಹಿತಿಯನ್ನು ನೆಟ್‌ವರ್ಕ್‌ನಲ್ಲಿ ಸಾಗಿಸುವ ಒಂದು ಪದ್ಧತಿಯಲ್ಲಿ, ಕಳಿಸುತ್ತದೆ. ಅದು ಬಳಸುವುದು ಯುಡಿಪಿ, ಅಂದರೆ ತಲುಪಿತೋ ಇಲ್ಲವೋ ಅಂತ ನೋಡದೆ ಪ್ಯಾಕೆಟ್ ಕಳಿಸುವ ವಿಧಾನ; ಪೋರ್ಟ್ 6454. ಆ ಕಡೆ ಇರುವುದು ನಿಜವಾದ ಕಂಟ್ರೋಲರೋ ಇನ್ನೊಂದು ಪ್ರೋಗ್ರಾಮೋ, ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ವಿಳಾಸ 127.0.0.1, ಅಂದರೆ ಇದೇ ಲ್ಯಾಪ್‌ಟಾಪ್, ಅಂತ ಕೊಟ್ಟೆ. ಬಂದ ಪ್ಯಾಕೆಟ್ ಬಿಚ್ಚಿ ಒಂದೊಂದೇ ಚುಕ್ಕೆ ಬಿಡಿಸುವ ಪುಟ್ಟ ಪೈಥಾನ್ ಪ್ರೋಗ್ರಾಂ ಬರೆದೆ. ಒಂದು ಮಾತು: ಕಳಿಸುವ ಕಡೆಯ ಲೆಕ್ಕದ ಕೋಡನ್ನು ಇಲ್ಲಿಗೆ ನಕಲು ಮಾಡಬೇಡಿ. ಅಲ್ಲಿನ ತಪ್ಪು ಇಲ್ಲಿಗೂ ಬಂದು ಎಲ್ಲವೂ ಸರಿಯಾಗಿರುವ ಹಾಗೆ ಕಾಣುತ್ತದೆ.

ಮೊದಲು ಇಡೀ ಬೋರ್ಡ್ ಬಿಳಿ ಮಾಡಿದೆ. ಕೆಳಗೆ, ಬಲ ಮೂಲೆಯಲ್ಲಿ 16 ಚುಕ್ಕೆ ಕಪ್ಪಾಗೇ ಉಳಿದವು. ಆರ್ಟ್‌ನೆಟ್‌ನಲ್ಲಿ ಮಾಹಿತಿ ಯೂನಿವರ್ಸ್ ಎಂಬ ಕಂತುಗಳಲ್ಲಿ ಹೋಗುತ್ತದೆ. ಒಂದು ಯೂನಿವರ್ಸ್‌ಗೆ 512 ಚಾನಲ್. ಚುಕ್ಕೆಗೆ ಕೆಂಪು, ಹಸಿರು, ನೀಲಿ ಅಂತ ಮೂರು ಚಾನಲ್‌ನಂತೆ 170 ಚುಕ್ಕೆ ಹಿಡಿಸುತ್ತವೆ. ನನ್ನದು ಒಟ್ಟು 4096. ಭಾಗಿಸಿದರೆ 24, ಶೇಷ 16. ಆ ಶೇಷಕ್ಕೆ 25ನೇ ಯೂನಿವರ್ಸ್ ಬೇಕಿತ್ತು, ಬಿಟ್ಟಿದ್ದೆ. ಇದು ಗೋಡೆಯ ಮೇಲೆ ಕಂಡಿದ್ದರೆ ಮೊದಲು ಪ್ಯಾನಲ್, ವೈರ್ ಎಲ್ಲ ಬಿಚ್ಚಿರುತ್ತಿದ್ದೆ.

ಇದಕ್ಕಿಂತ ಜಾಸ್ತಿ ಕಾಡಿದ್ದು ಅಕ್ಷರ. ಚಿತ್ರ ಬಿಡಿಸುವ ಪೈಥಾನ್‌ನ ಪಿಲ್ಲೋ ಲೈಬ್ರರಿಯಲ್ಲಿ, ಅಕ್ಷರಗಳನ್ನು ಸರಿಯಾಗಿ ಜೋಡಿಸುವ ರಾಕ್ಮ್ ಎಂಬ ಲೈಬ್ರರಿ ಇಲ್ಲದೆ ಬರೆಸಿದಾಗ ‘ಬೆಟ್ಟೆ’ಯ ಒತ್ತು ಕೆಳಗಿಳಿಯಲೇ ಇಲ್ಲ. ರಾಕ್ಮ್ ಹಾಕಿದ ಮೇಲೆ ಇಳಿಯಿತು. ಆದರೆ ಹೆಸರಿಗೆ 16, ದರಕ್ಕೆ 16 ಅಂತ ಎತ್ತರ ಹಂಚಿದ್ದೆ. ಒತ್ತಿಗೆ ಜಾಗ ಸಾಲದೆ ಬುಡ ಕತ್ತರಿಸಿತು. ಶಿವಮೊಗ್ಗಕ್ಕೆ ಬಂದಿದ್ದ ಮಂಡಿಯ ಗುಮಾಸ್ತರಿಗೆ ತೋರಿಸಿದೆ. “ಇದು ಬೆಟೆ ಅಂತ ಕಾಣ್ತದಲ್ಲ ಮಾರಾಯ್ರೇ” ಅಂದರು. ಅಡಿಕೆ ತಂದವರು ಮೊದಲು ಹುಡುಕುವುದೇ ಆ ಹೆಸರನ್ನು, ಅಲ್ವಾ? ಅಂಕಿಗಳಿಗೆ ಒತ್ತಿಲ್ಲ. ದರವನ್ನು 12 ಚುಕ್ಕೆ ಎತ್ತರಕ್ಕೆ ಇಳಿಸಿ ಹೆಸರಿಗೆ 20 ಕೊಟ್ಟೆ. ರಾಶಿ, ಬೆಟ್ಟೆ, ಸರಕು, ಗೊರಬಲು ಒಂದಾದ ಮೇಲೊಂದು ಬರುವಂತೆ ಮಾಡಿ, ಕೋಣೆಯ ಆ ತುದಿಯಲ್ಲಿ ಅವರನ್ನು ನಿಲ್ಲಿಸಿ ಓದಿಸಿದೆ. ನಾಲ್ಕೂ ತಪ್ಪಿಲ್ಲದೆ ಓದಿದರು.

ಯುಡಿಪಿಯಲ್ಲಿ ಕಳೆದುಹೋದ ಪ್ಯಾಕೆಟ್ ತಾನಾಗೇ ಮತ್ತೆ ಬರುವುದಿಲ್ಲ. ಬೇಕೆಂದೇ ಕೆಲವನ್ನು ಬೀಳಿಸಿ, ಹಳೆಯ ದರ ಪರದೆಯಲ್ಲಿ ಅಂಟಿಕೊಳ್ಳುವುದನ್ನೂ ನೋಡಿದೆ. ಅದಕ್ಕೇ ದರ ಬದಲಾಗದಿದ್ದರೂ ಇಡೀ ಚಿತ್ರವನ್ನು ಮತ್ತೆ ಮತ್ತೆ ಕಳಿಸುತ್ತೇನೆ.

ಪವರ್ ಸಪ್ಲೈ ತಾಳುತ್ತದೋ, ಮಳೆಗಾಲದ ತೇವಕ್ಕೆ ಕನೆಕ್ಟರ್ ಏನಾಗುತ್ತದೋ, ಅದನ್ನು ಪರದೆ ಹೇಳುವುದಿಲ್ಲ. ಪ್ಯಾನಲ್ ಜೋಡಿಸಿದ ದಿನ ಕೆಂಪು ಕಳಿಸಿದರೆ ನೀಲಿ ಬಂತು. ಕಂಟ್ರೋಲರಿನಲ್ಲಿ ಬಣ್ಣದ ಕ್ರಮ ಬೇರೆ ಇತ್ತು. ಅದೊಂದು ಸೆಟ್ಟಿಂಗ್ ಬದಲಿಸಿದೆ. ರಸ್ತೆಯ ಆಚೆ ನಿಂತು ನೋಡಿದಾಗ ‘ಬೆಟ್ಟೆ’ ಒತ್ತಿನ ಸಮೇತ ಕಂಡಿತು.