ಒನ್‌ವೇ ರಸ್ತೆಯ ಸೈಕಲ್ ಲೇನ್ ಮ್ಯಾಪಿಗೆ ಹಾಕೋದು ಹೇಗೆ?

ಕಾರವಾರದಲ್ಲಿ ಕೂತು ಓಪನ್‌ಸ್ಟ್ರೀಟ್‌ಮ್ಯಾಪ್ (ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ಮ್ಯಾಪ್) ತಿದ್ದುವವರು ಮೊದಲು ರಸ್ತೆಯ ಗೆರೆ ಮೇಲಿನ ಬಾಣ ನೋಡಿ. ಎಡ, ಬಲ ಎಲ್ಲ ಗೆರೆ ಎಳೆದ ದಿಕ್ಕಿನಿಂದಲೇ ಲೆಕ್ಕ, ನೀವು ಕಡಲಿಗೆ ಮುಖ ಮಾಡಿ ನಿಂತಿದ್ದೀರೋ ಬೆನ್ನು ಹಾಕಿದ್ದೀರೋ ಅನ್ನೋದು ಮ್ಯಾಪಿಗೆ ಬೇಕಾಗಿಲ್ಲ.

ಗಾಡಿಗಳ ಜೊತೆಗೇ ಸಾಗುವ ಲೇನ್ ಎಡಕ್ಕಿದ್ದರೆ ‘ಒನ್‌ವೇ=ಯೆಸ್’ ಜೊತೆ ‘ಸೈಕಲ್‌ವೇ:ಲೆಫ್ಟ್=ಲೇನ್’ ಅನ್ನೋ ಟ್ಯಾಗ್ (ರಸ್ತೆ ಎಂಥದ್ದು ಅಂತ ಹೇಳುವ ಗುರುತು) ಸಾಕು. ಸೈಕಲ್ ಎದುರು ದಿಕ್ಕಿಗೂ ಬರಬಹುದು ಅಂತ ಬೋರ್ಡ್ ಇದ್ದರೆ ‘ಒನ್‌ವೇ:ಬೈಸಿಕಲ್=ನೋ’ ಸೇರಿಸಿ; ಅದಕ್ಕೆಂದೇ ಬಲಬದಿಗೆ ಲೇನ್ ಬಳಿದಿದ್ದರೆ ‘ಸೈಕಲ್‌ವೇ:ರೈಟ್=ಲೇನ್’, ಜೊತೆಗೆ ‘ಸೈಕಲ್‌ವೇ:ರೈಟ್:ಒನ್‌ವೇ=-1’ (-1 ಅಂದ್ರೆ ಗೆರೆಯ ದಿಕ್ಕಿಗೆ ಉಲ್ಟಾ). ಇದಕ್ಕೇ ಹಿಂದೆ ಬಳಸ್ತಿದ್ದ ‘ಆಪೋಸಿಟ್_ಲೇನ್’ ಟ್ಯಾಗ್ ಈಗ ಬೇಡ. ಟೈಪ್ ಮಾಡೋದು ಇಂಗ್ಲಿಷ್ ಸಣ್ಣಕ್ಷರದಲ್ಲೇ, ಮರೀಬೇಡಿ.

ಮೀನು ಮಾರ್ಕೆಟ್ಟಿಗೆ ಎಲ್ಲರೂ ಉಲ್ಟಾ ಸೈಕಲ್ ಹೊಡೀತಾರಲ್ವಾ ಅಂತ ಸುಮ್ನೆ ‘ಒನ್‌ವೇ:ಬೈಸಿಕಲ್=ನೋ’ ಹಾಕಬೇಡಿ, ಹೋಗಿ ಬೋರ್ಡ್ ಇದೆಯಾ ನೋಡಿ ಬನ್ನಿ.